ಹಸಿರು ಸೆಸ್ ಚರ್ಚೆ: ಘಟ್ಟದ ಕಾಡಿನಲ್ಲಿ ನಾಟಾದ ಲೆಕ್ಕವೆಷ್ಟು, ನೀರಿನ ಲೆಕ್ಕವೆಷ್ಟು?

ಬೇಡ್ತಿಕಣಿವೆ (ಚರ್ಚೆ ಆರಂಭಿಸಿದವರು):

ಪಶ್ಚಿಮ ಘಟ್ಟದಲ್ಲಿ ಹುಟ್ಟುವ ನದಿಗಳ ನೀರನ್ನು ಬಳಸುವ ನಗರಗಳಲ್ಲಿ ನೀರಿನ ಬಿಲ್ಲಿನ ಜೊತೆ ತಿಂಗಳಿಗೆ ಎರಡು ಮೂರು ರೂಪಾಯಿ ಹಸಿರು ಸೆಸ್ ವಸೂಲು ಮಾಡುವ ಪ್ರಸ್ತಾವ ಸಿದ್ಧಪಡಿಸುವಂತೆ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು 2024ರ ನವೆಂಬರ್‌ನಲ್ಲಿ ಅಧಿಕಾರಿಗಳಿಗೆ ಸೂಚಿಸಿದಾಗ, ನಡೆದ ವಾದವೆಲ್ಲ ಬಿಲ್ಲು ಏರುತ್ತದೆಯೇ ಎಂಬುದರ ಸುತ್ತಲೇ ಗಿರಕಿ ಹೊಡೆಯಿತು. ಆ ಹಣ ಯಾವ ಕಾಡು ಮಾಡಿದ ಯಾವ ಕೆಲಸಕ್ಕೆ ಸಲ್ಲುವ ಬೆಲೆ ಎಂದು ಕೇಳಿದವರು ಕಡಿಮೆ.

ಮೊದಲು ಮೊತ್ತ ನೋಡೋಣ. ಬೆಂಗಳೂರು ಜಲಮಂಡಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿವೆ. ಹತ್ತು ಲಕ್ಷವೆಂದೇ ಹಿಡಿದು, ಸಂಪರ್ಕಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದುಕೊಂಡರೆ ವರ್ಷಕ್ಕೆ 3.6 ಕೋಟಿ ರೂಪಾಯಿ ಆಗುತ್ತದೆ. ಇದೇ ಘಟ್ಟದ ನೆತ್ತಿಯಿಂದ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ಎತ್ತಿ ಸಾಗಿಸುವ ಎತ್ತಿನಹೊಳೆ ಯೋಜನೆಯ ಪರಿಷ್ಕೃತ ಅಂದಾಜು 23,251 ಕೋಟಿ. ನೀರನ್ನು ಸಾಗಿಸುವುದಕ್ಕೆ ಇಷ್ಟು ಖರ್ಚು ಮಾಡಲು ಸಿದ್ಧವಿರುವ ರಾಜ್ಯವು ನೀರು ಹುಟ್ಟುವ ಜಾಗಕ್ಕೆ ಸಲ್ಲಿಸಲು ಹೊರಟಿರುವ ಮೊತ್ತ ಅದು. ಹಾಗೆಂದು ಸೆಸ್ಸನ್ನು ಏರಿಸಿಬಿಟ್ಟರೆ ಸಮಸ್ಯೆ ಬಗೆಹರಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಮೂರು ರೂಪಾಯಿ ಕೊಟ್ಟವನಿಗೆ ಅದಕ್ಕೆ ಪ್ರತಿಯಾಗಿ ಏನು ಸಿಗುತ್ತದೆ ಎಂಬುದನ್ನು ಹೇಳಲಾಗದಿದ್ದರೆ ಅದು ತೆರಿಗೆಯೇ ಹೊರತು ನೀರಿನ ಬೆಲೆಯಲ್ಲ.

ನಮ್ಮ ಕಾಡಿನ ಲೆಕ್ಕಪತ್ರಗಳು ಬಹುಕಾಲ ಮರವನ್ನು ಬಿಟ್ಟು ಬೇರೇನನ್ನೂ ಬರೆದುಕೊಂಡಿಲ್ಲ. ಆ ಮರದ ಬೆಲೆಯಾದರೂ ಸರಿಯಾಗಿತ್ತೇ? ದಾಂಡೇಲಿಯ ಕಾಗದ ಕಾರ್ಖಾನೆಗೆ ಆರಂಭದಲ್ಲಿ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಗೆ ಕೊಡಲಾಗಿತ್ತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಮಾರುಕಟ್ಟೆಯಿದ್ದ ವಸ್ತುವಿಗೇ ಈ ದರವಾದರೆ, ಮಾರುಕಟ್ಟೆಯೇ ಇಲ್ಲದ ನೀರಿಗೆ ಯಾರು ದರ ಕಟ್ಟಿಯಾರು? ನಾಟಾ ಮತ್ತು ನೀರು ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ನೋಡಲು ಸಾಧ್ಯವೇ ಎಂದು ಬಲ್ಲವರು ತಿಳಿಸಬೇಕು.


ನಿವೃತ್ತ_ವಲಯಾಧಿಕಾರಿ:

ಇಲಾಖೆಯಲ್ಲಿ ಕೆಲಸ ಮಾಡಿದವನಾಗಿ ನಾಟಾದ ಪುಟವನ್ನು ಮೊದಲು ತೆರೆಯುತ್ತೇನೆ, ಏಕೆಂದರೆ ಘಟ್ಟದ ಕಾಡಿನ ಜಾಗಕ್ಕೆ ಬೇಗ ಬೆಳೆಯುವ ಅಕೇಶಿಯಾ ತೋಪು ಏಕೆ ಬಂತು ಎಂಬುದು ಅದರಿಂದಲೇ ತಿಳಿಯುತ್ತದೆ.

ಮರವನ್ನು ಯಾವ ವಯಸ್ಸಿನಲ್ಲಿ ಕಡಿದರೆ ಲಾಭ ಹೆಚ್ಚು ಎಂಬ ಪ್ರಶ್ನೆಗೆ ಜರ್ಮನಿಯ ಅರಣ್ಯಾಧಿಕಾರಿ ಮಾರ್ಟಿನ್ ಫೌಸ್ಟ್‌ಮನ್ 1849ರಲ್ಲಿ ಕೊಟ್ಟ ಸೂತ್ರವೇ ಇಂದಿಗೂ ಆಧಾರ. ನಿಂತ ಮರವೆಂದರೆ ಬಡ್ಡಿಗೆ ಹಾಕಿದ ಬಂಡವಾಳ. ಅದು ನಿಂತಿರುವಷ್ಟು ಕಾಲ ಅದರ ಕೆಳಗಿನ ನೆಲವೂ ಮುಂದಿನ ಬೆಳೆಗೆ ಸಿಗದೆ ಕಾಯುತ್ತಿರುತ್ತದೆ. ಇವೆರಡರ ಬಡ್ಡಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಕಟಾವಿನ ವಯಸ್ಸು ನಾವು ಅಂದುಕೊಂಡದ್ದಕ್ಕಿಂತ ಬಹಳ ಮುಂಚೆ ಬರುತ್ತದೆ. ಅರುವತ್ತು ವರ್ಷಗಳ ನಂತರ ಕೈಗೆ ಬರುವ ಒಂದು ಲಕ್ಷ ರೂಪಾಯಿಯ ಸಾಗುವಾನಿಗೆ, ಶೇ. 6ರ ಬಡ್ಡಿಯಲ್ಲಿ, ಇಂದಿನ ಬೆಲೆ ಸುಮಾರು ಮೂರು ಸಾವಿರ ರೂಪಾಯಿ ಮಾತ್ರ. ಹತ್ತು ವರ್ಷಕ್ಕೆ ಬರುವ ಅದೇ ಒಂದು ಲಕ್ಷದ ಅಕೇಶಿಯಾಕ್ಕೆ ಇಂದಿನ ಬೆಲೆ ಐವತ್ತಾರು ಸಾವಿರಕ್ಕೆ ಸ್ವಲ್ಪ ಕಡಿಮೆ. ಬಡ್ಡಿಯನ್ನು ಶೇ. 2ಕ್ಕೆ ಇಳಿಸಿದರೆ ಸಾಗುವಾನಿಯ ಬೆಲೆ ಮೂವತ್ತು ಸಾವಿರಕ್ಕೇರುತ್ತದೆ. ನೂರು ವರ್ಷದ ಕಾಡಿಗೆ ಯಾವ ಬಡ್ಡಿದರ ಹಾಕುತ್ತೀರಿ ಎಂಬ ಒಂದೇ ತೀರ್ಮಾನದಲ್ಲಿ ಆ ಕಾಡಿನ ಹಣೆಬರಹ ಅಡಗಿದೆ. ಯೋಜನೆಗಳ ಕಡತಗಳಲ್ಲಿ ಅದು ಬಹುತೇಕ ಯಾರೂ ಪ್ರಶ್ನಿಸದೆ ದಾಟಿಹೋಗುವ ಸಾಲು.

ಫೌಸ್ಟ್‌ಮನ್ ಸೂತ್ರದಲ್ಲಿ ನಿಂತ ಮರ ನಾಟಾ ಬಿಟ್ಟು ಮತ್ತೇನನ್ನೂ ಕೊಡುವುದಿಲ್ಲ. ಅರ್ಥಶಾಸ್ತ್ರಜ್ಞ ರಿಚರ್ಡ್ ಹಾರ್ಟ್‌ಮನ್ 1976ರಲ್ಲಿ ಇದನ್ನು ತಿದ್ದಿ, ಮರ ನಿಂತಿರುವಾಗಲೇ ವರ್ಷವರ್ಷವೂ ಕೊಡುವ ಪ್ರಯೋಜನವನ್ನು ಲೆಕ್ಕಕ್ಕೆ ಸೇರಿಸಿದರು. ಆ ಪ್ರಯೋಜನ ವಯಸ್ಸಿನೊಂದಿಗೆ ಬೆಳೆಯುವುದಾದರೆ ಕಟಾವನ್ನು ಮುಂದೂಡಬೇಕು. ಅದು ಸಾಕಷ್ಟು ದೊಡ್ಡದಾದರೆ ಕಡಿಯಲೇಬಾರದು ಎಂಬುದೇ ಲಾಭದಾಯಕ ಉತ್ತರವಾಗುತ್ತದೆ. ಭಾವುಕತೆಯ ಮಾತಲ್ಲ, ಅರ್ಥಶಾಸ್ತ್ರದ್ದೇ ಮಾತು. ಆದರೆ ಸೂತ್ರಕ್ಕೆ ಹಾಕಲು ಆ ವಾರ್ಷಿಕ ಪ್ರಯೋಜನದ ಅಂಕಿ ಬೇಕು. ನನ್ನ ಸೇವಾವಧಿಯಲ್ಲಿ ಯಾವ ಕಾರ್ಯಯೋಜನೆಯಲ್ಲೂ ಹಳ್ಳದ ನೀರಿಗೆ ಒಂದು ಅಂಕಣ ಇದ್ದುದನ್ನು ನಾನು ಕಂಡಿಲ್ಲ. ಡಿಪೋದ ಹರಾಜಿನ ಮೊತ್ತವನ್ನು ಮಾತ್ರ ಪ್ರತಿ ತಿಂಗಳೂ ಕೇಳುತ್ತಿದ್ದರು.


ಬೆಂಗಳೂರು_ನಲ್ಲಿ:

ಒಂದು ಸಣ್ಣ ಸಂದೇಹ. ಮರ ನೆಟ್ಟರೆ ನೀರು ಹೆಚ್ಚುತ್ತದೆ ಎಂದೇ ಶಾಲೆಯಿಂದ ಕಲಿತಿದ್ದೇವೆ. ಹಾಗಿದ್ದ ಮೇಲೆ ಅಕೇಶಿಯಾವೂ ಮರವೇ ಅಲ್ಲವೇ? ನಾಟಾವೂ ಸಿಕ್ಕಿತು, ನೀರೂ ಸಿಕ್ಕಿತು ಎಂದು ಏಕೆ ಹೇಳಬಾರದು?


ಒರತೆ_ಲೆಕ್ಕ:

ನಿಮ್ಮ ಸಂದೇಹ ಸಣ್ಣದಲ್ಲ, ಈ ಇಡೀ ಚರ್ಚೆಯ ಬುಡವೇ ಅದು. ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ಮರ ನೀರನ್ನು ತಯಾರಿಸುವುದಿಲ್ಲ, ಕುಡಿಯುತ್ತದೆ. ಜಗತ್ತಿನ ಬೇರೆಬೇರೆ ಕಡೆಯ 94 ಪ್ರಾಯೋಗಿಕ ಜಲಾನಯನಗಳ ಫಲಿತಾಂಶವನ್ನು ಬಾಷ್ ಮತ್ತು ಹ್ಯೂಲೆಟ್ 1982ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಇದನ್ನೇ: ಮರದ ಹೊದಿಕೆ ಕಡಿಮೆಯಾದರೆ ಹಳ್ಳದ ಒಟ್ಟು ವಾರ್ಷಿಕ ಹರಿವು ಹೆಚ್ಚುತ್ತದೆ, ಹೊದಿಕೆ ಹೆಚ್ಚಿದರೆ ಹರಿವು ಇಳಿಯುತ್ತದೆ. ಪೈನ್ ಜಾತಿಯ ಮರಗಳು ಮತ್ತು ನೀಲಗಿರಿ (ಯೂಕಲಿಪ್ಟಸ್) ಮರಗಳಲ್ಲಿ ಹೊದಿಕೆಯ ಪ್ರತಿ ಶೇ. 10ರ ಬದಲಾವಣೆಗೆ ಸುಮಾರು 40 ಮಿಲಿಮೀಟರ್, ಎಲೆ ಉದುರಿಸುವ ಗಟ್ಟಿಮರಗಳಲ್ಲಿ ಸುಮಾರು 25 ಮಿಲಿಮೀಟರ್ ವ್ಯತ್ಯಾಸ ಕಂಡಿತು.

ನಮಗೆ ಹತ್ತಿರದ ಪ್ರಯೋಗ ಊಟಿ ಬಳಿಯ ಗ್ಲೆನ್‌ಮಾರ್ಗನ್‌ನದ್ದು. ಶೋಲಾ (ಎತ್ತರದ ಬೆಟ್ಟಗಳ ಮಡಿಲಿನ ಕುಳ್ಳ ಮರಗಳ ಕಾಡು) ಮತ್ತು ಹುಲ್ಲುಗಾವಲು ಇದ್ದ ಎರಡು ಪಕ್ಕಪಕ್ಕದ ಜಲಾನಯನಗಳಲ್ಲಿ ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದರ ಶೇ. 59 ಭಾಗದಲ್ಲಿ ನೀಲಗಿರಿ ನೆಟ್ಟರು. ಮೊದಲ ಹತ್ತು ವರ್ಷಗಳ ಸುತ್ತಿನಲ್ಲಿ ಹರಿವು ಶೇ. 16ರಷ್ಟು, ವರ್ಷಕ್ಕೆ ಸರಾಸರಿ 87 ಮಿಲಿಮೀಟರ್, ಕುಸಿಯಿತು. ಕಡಿದ ಬುಡದಿಂದ ಚಿಗುರಿ ಬಂದ ಎರಡನೆಯ ಸುತ್ತಿನಲ್ಲಿ ಕುಸಿತ ಶೇ. 25ರ ಆಸುಪಾಸಿಗೆ ಹೋಯಿತು. ಬೇರು ಆಗಲೇ ಇಳಿದಿತ್ತು, ಚಿಗುರು ದಾಹದಿಂದಲೇ ಎದ್ದಿತು. ಕಾಗದ ಮತ್ತು ರೇಯಾನ್ ಉದ್ಯಮಕ್ಕೆ ಅಗ್ಗದ ಕಚ್ಚಾವಸ್ತುವೆಂದು ಆ ತೋಪುಗಳನ್ನು ಎಬ್ಬಿಸಿದಾಗ, ಕೆಳಗೆ ಅದೇ ನೀರಿನಿಂದ ವಿದ್ಯುತ್ ತೆಗೆಯುತ್ತಿದ್ದವರು ಈ ನಷ್ಟದ ಬಿಲ್ಲನ್ನು ಯಾರಿಗೂ ಕಳುಹಿಸಲಿಲ್ಲ.

ಹಾಗಾದರೆ ಕಾಡು ಕಡಿದರೆ ನೀರು ಹೆಚ್ಚುತ್ತದೆಯಲ್ಲ ಎಂದು ಗುತ್ತಿಗೆದಾರರು ಸಂತೋಷಪಡಬಹುದು. ಇಲ್ಲಿ ಎರಡನೆಯ ಭಾಗವಿದೆ. ಜಗದೀಶ ಕೃಷ್ಣಸ್ವಾಮಿ, ಮೈಕ್ ಬೊನೆಲ್, ಬಿ. ವೆಂಕಟೇಶ್ ಮೊದಲಾದವರು ಉತ್ತರ ಕನ್ನಡದ ಸಣ್ಣ ಜಲಾನಯನಗಳನ್ನು ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿದ್ದ ಮಳೆಯಲ್ಲಿ ಹಳ್ಳಕ್ಕೆ ಹರಿದು ಬಂದದ್ದು ಸಹಜ ಕಾಡಿನಲ್ಲಿ ಸುಮಾರು ಶೇ. 28, ಅಕೇಶಿಯಾ ತೋಪಿನಲ್ಲಿ ಸುಮಾರು ಶೇ. 33, ಹಾಳಾದ ಕಾಡಿನಲ್ಲಿ ಸುಮಾರು ಶೇ. 45. ಒಟ್ಟು ಹರಿವನ್ನು ಮಾತ್ರ ನೋಡಿದರೆ ಹಾಳುಬಿದ್ದ ಬೋಳು ಗುಡ್ಡವೇ ಗೆದ್ದಂತೆ. ಆದರೆ ಆ ಶೇ. 45ರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಯಾರಿಗೂ ನೀರು ಬೇಡವಾದಾಗ, ಕೆಂಪು ನೀರಾಗಿ ಇಳಿದು ಹೋಗುತ್ತದೆ. ಸಹಜ ಕಾಡಿನ ನೆಲ ಬೇರು, ಗೆದ್ದಲು, ಎರೆಹುಳುಗಳು ಕೊರೆದ ತೂತುಗಳಿಂದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೆ ಒರತೆಗಳ ಮೂಲಕ ಹೆಚ್ಚು ಕಾಲ ಹೊರಗೆ ಬಿಡುತ್ತದೆ. ಬಿಸಿಲಿಗೆ ಮರ ಎಷ್ಟು ಕುಡಿಯುತ್ತದೆ, ಮಳೆಯಲ್ಲಿ ನೆಲ ಎಷ್ಟು ಇಂಗಿಸುತ್ತದೆ ಎಂಬ ಈ ಎರಡರ ಜಗ್ಗಾಟದಲ್ಲಿ ಯಾವುದು ಮೇಲುಗೈಯಾಗುತ್ತದೆಯೋ ಅದರ ಮೇಲೆ ಬೇಸಿಗೆಯ ಹಳ್ಳ ನಿಂತಿದೆ. ಗ್ಲೆನ್‌ಮಾರ್ಗನ್‌ನ ಹುಲ್ಲುಗಾವಲಿನ ಮಣ್ಣು ಮೊದಲೇ ಚೆನ್ನಾಗಿ ಇಂಗಿಸುತ್ತಿತ್ತು. ನೀಲಗಿರಿ ಅಲ್ಲಿ ಕುಡಿದದ್ದಷ್ಟೇ ಲೆಕ್ಕಕ್ಕೆ ಬಂತು. ಬೋಳಾದ ಜಂಬಿಟ್ಟಿಗೆ ಗುಡ್ಡದಲ್ಲಿ ಅಕೇಶಿಯಾ ಸ್ವಲ್ಪ ಸುಧಾರಣೆ ತಂದೀತು. ಕಾನನ್ನು, ಅಂದರೆ ಮಲೆನಾಡಿನ ದಟ್ಟ ನಿತ್ಯಹಸಿರು ಕಾಡನ್ನು, ಕಡಿದು ಅಕೇಶಿಯಾ ನೆಟ್ಟರೆ ನಷ್ಟವೇ.

ಆದ್ದರಿಂದ ‘ಕಾಡು ನೀರು ಕೊಡುತ್ತದೆ’ ಎಂಬ ವಾಕ್ಯವನ್ನು ಆಧಾರವಾಗಿಟ್ಟು ಸೆಸ್ ವಿಧಿಸಿದರೆ ನ್ಯಾಯಾಲಯದಲ್ಲಲ್ಲದಿದ್ದರೂ ಜಲವಿಜ್ಞಾನದಲ್ಲಿ ಅದು ನಿಲ್ಲುವುದಿಲ್ಲ. ಯಾವ ಕಾಡು, ಯಾವ ಮಣ್ಣಿನ ಮೇಲೆ, ಯಾವ ತಿಂಗಳಲ್ಲಿ ಎಂದು ಹೇಳಬೇಕು.


ಅಡಕೆ_ಬೆಟ್ಟ:

ಮಾನ್ಯ ಒರತೆ ಲೆಕ್ಕದವರು ಹೇಳಿದ ಕೊನೆಯ ಮಾತನ್ನು ಶಿರಸಿ ಸೀಮೆಯ ತೋಟಿಗನಾಗಿ ಅನುಮೋದಿಸುತ್ತೇನೆ.

ನಮ್ಮಲ್ಲಿ ಒಂದೆಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟಿದ್ದು ಬ್ರಿಟಿಷರ ಕಾಲದ ವ್ಯವಸ್ಥೆ. ಸೊಪ್ಪು, ದರಕು (ಒಣ ತರಗೆಲೆ), ಸೌದೆಗಾಗಿ ಎಂದು ದಾಖಲೆಯಲ್ಲಿದೆ. ಅದರಷ್ಟೇ ದೊಡ್ಡ ಉಪಯೋಗ ಬೆಟ್ಟದ ಮೇಲಿನಿಂದ ತಾನಾಗಿ ಇಳಿಯುವ ಅಬ್ಬಿ ನೀರು. ಹಿಂದೆ ಅಡಕೆ ಮರ ಸೀಳಿದ ದಬ್ಬೆಯಲ್ಲಿ, ಈಗ ಪೈಪಿನಲ್ಲಿ, ಪಂಪಿಲ್ಲದೆ ಕರೆಂಟಿಲ್ಲದೆ ಇಳಿದು ಬರುತ್ತದೆ. ಮಾರ್ಚ್ ಕಳೆದ ಮೇಲೆ ಪೈಪಿನ ಬಾಯಿಯಲ್ಲಿ ಧಾರೆ ಬೆರಳಿನ ದಪ್ಪಕ್ಕೆ ಇಳಿಯುತ್ತದೆ. ಅದು ಯುಗಾದಿಯ ನಂತರವೂ ನಿಲ್ಲದ ತೋಟಕ್ಕೂ ಶಿವರಾತ್ರಿಗೇ ನಿಲ್ಲುವ ತೋಟಕ್ಕೂ ಖರೀದಿಗೆ ಬಂದವರು ಬೇರೆಬೇರೆ ದರ ಹೇಳುತ್ತಾರೆ. ನೀರಿಗೆ ಮಾರುಕಟ್ಟೆಯಿಲ್ಲ ಎಂಬ ಮಾತು ಅಷ್ಟು ಸರಿಯಲ್ಲ. ಅದರ ಬೆಲೆ ಜಮೀನಿನ ಬೆಲೆಯೊಳಗೆ ಸೇರಿಕೊಂಡಿದೆ.

ಇನ್ನು ಅಕೇಶಿಯಾ. ಗ್ರಾಮ ಅರಣ್ಯ ಸಮಿತಿಗೆ ತೋಪಿನ ಕಟಾವಿನಲ್ಲಿ ಪಾಲು ಬರುತ್ತದೆ. ಅದರಿಂದ ಊರಿನಲ್ಲಿ ಸಮುದಾಯ ಭವನ ಕಟ್ಟಬಹುದು, ದೇವಸ್ಥಾನದ ರಸ್ತೆ ಸರಿ ಮಾಡಿಸಬಹುದು. ಕಾನನ್ನು ಹಾಗೆಯೇ ಉಳಿಸಿಕೊಂಡ ಪಕ್ಕದ ಊರಿನ ಸಮಿತಿಗೆ ಚೆಕ್ ಬರುವುದಿಲ್ಲ. ತೋಪಿನ ಕೆಳಗೆ ನೋಡಿದರೆ ಬೇಗ ಕೊಳೆಯದ ತರಗು ಹಾಸಿಕೊಂಡು ಬಿದ್ದಿರುತ್ತದೆ, ನಮ್ಮ ಕೊಟ್ಟಿಗೆಗೆ ಅದು ಬಾರದು, ದನ ಮುಟ್ಟುವ ಹುಲ್ಲೂ ಇಲ್ಲ. ಆದರೂ ಸಭೆಯಲ್ಲಿ ಕೈ ಎತ್ತುವಾಗ ಜನ ತೋಪಿಗೇ ಕೈ ಎತ್ತುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ಹಣ ಬರುವ ದಾರಿ ಇರುವುದು ಅದೊಂದೇ.


ಬೇಡ್ತಿಕಣಿವೆ:

ಮೂವರ ಮಾತುಗಳನ್ನೂ ಸೇರಿಸಿ ಒಂದು ಲೆಕ್ಕ ಹಾಕಿದ್ದೇನೆ. ಅಳತೆಗಳಲ್ಲದ ಕಡೆ ಊಹೆ ಎಂದು ಹೇಳಿದ್ದೇನೆ. ಒಪ್ಪದವರು ತಮ್ಮ ಅಂಕಿ ಹಾಕಿ ನೋಡಬಹುದು.

ತೋಪು ಎಬ್ಬಿಸಿದ್ದರಿಂದ ಒಂದು ಹೆಕ್ಟೇರಿನಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಹರಿವು ಕಡಿಮೆಯಾಯಿತು ಎಂದುಕೊಳ್ಳೋಣ. ಅದು 1,000 ಘನ ಮೀಟರ್ ನೀರು. ಆ ಹೆಕ್ಟೇರು ಲಿಂಗನಮಕ್ಕಿ ಜಲಾಶಯದ ಮೇಲ್ಭಾಗದಲ್ಲಿದ್ದರೆ ನಷ್ಟ ಯಾರದು? ಶರಾವತಿ ವಿದ್ಯುದಾಗಾರದಲ್ಲಿ ನೀರು ನಾನೂರು ಮೀಟರಿಗೂ ಹೆಚ್ಚು ಎತ್ತರದಿಂದ ಬೀಳುವುದರಿಂದ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ ಸಿಗುತ್ತದೆ. ಆದ್ದರಿಂದ ಸಾವಿರ ಯೂನಿಟ್ ನಷ್ಟ. ಯೂನಿಟ್ಟಿಗೆ ಮೂರು ರೂಪಾಯಿ ಎಂದು ಊಹಿಸಿದರೆ ವರ್ಷಕ್ಕೆ ಮೂರು ಸಾವಿರ ರೂಪಾಯಿ. ಅದೇ ಹೆಕ್ಟೇರಿನ ಅಕೇಶಿಯಾ ಹತ್ತು ವರ್ಷಕ್ಕೆ ನೂರು ಟನ್ ಕಟ್ಟಿಗೆ ಕೊಟ್ಟು, ಖರ್ಚು ಕಳೆದು ಟನ್ನಿಗೆ ಎರಡು ಸಾವಿರ ಉಳಿಯಿತೆಂದು ಊಹಿಸಿದರೆ, ಬಡ್ಡಿಯನ್ನು ಬದಿಗಿಟ್ಟು ವರ್ಷಕ್ಕೆ ಇಪ್ಪತ್ತು ಸಾವಿರ. ಅಂದರೆ ಶರಾವತಿಯ ಮೇಲ್ಭಾಗದಲ್ಲಿ, ವಿದ್ಯುತ್ತಿನ ಲೆಕ್ಕ ಒಂದರಿಂದಲೇ, ನಾಟಾವನ್ನು ನೀರು ಸೋಲಿಸುವುದಿಲ್ಲ. ಪರಿಸರವಾದಿ ಗೆಳೆಯರಿಗೆ ಇದು ಕಹಿಯೆನಿಸಬಹುದು, ಆದರೂ ಅಡಗಿಸಿ ಪ್ರಯೋಜನವಿಲ್ಲ.

ಈಗ ಆ ಹೆಕ್ಟೇರನ್ನು ಅಣೆಕಟ್ಟೇ ಇಲ್ಲದ ಅಘನಾಶಿನಿಯ ಮೇಲ್ಭಾಗಕ್ಕೆ, ಅಡಕೆ ಬೆಟ್ಟದವರ ತೋಟದ ನೆತ್ತಿಗೆ ತೆಗೆದುಕೊಂಡು ಹೋಗೋಣ. ಅಲ್ಲಿ ಮಳೆಗಾಲದ ನೀರನ್ನು ಹಿಡಿದಿಡುವ ಜಲಾಶಯ ಇಲ್ಲದ್ದರಿಂದ ಜುಲೈ ತಿಂಗಳ ಸಾವಿರ ಘನ ಮೀಟರಿಗೆ ಬೆಲೆ ಸೊನ್ನೆ. ಬೇಸಿಗೆಯಲ್ಲಿ? ಎಕರೆಗೆ 550 ಅಡಕೆ ಮರ, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದರೆ ದಿನಕ್ಕೆ 11 ಘನ ಮೀಟರ್. ಮೂರು ತಿಂಗಳಿಗೆ ಸಾವಿರ ಘನ ಮೀಟರ್ ಚಿಲ್ಲರೆ. ಶರಾವತಿಯಲ್ಲಿ ಮೂರು ಸಾವಿರ ರೂಪಾಯಿ ಬೆಲೆಯ ಅಷ್ಟೇ ನೀರು ಇಲ್ಲಿ ಒಂದು ಎಕರೆ ತೋಟವನ್ನು ಒಂದು ಬೇಸಿಗೆ ದಾಟಿಸುತ್ತದೆ, ಮತ್ತು ಒಣಗಿದ ತೋಟದ ನಷ್ಟ ಒಂದೇ ವರ್ಷದ ಬೆಳೆಗೆ ನಿಲ್ಲುವುದಿಲ್ಲ ಎಂಬುದು ತೋಟಿಗರಿಗೆಲ್ಲ ಗೊತ್ತು. ಸಹಜ ಕಾಡು ಒಂದು ಹೆಕ್ಟೇರಿನಿಂದ ಬೇಸಿಗೆಗೆಂದು ಉಳಿಸಿಕೊಡುವ ಹೆಚ್ಚುವರಿ ನೀರು ಇದರ ಹತ್ತನೆಯ ಒಂದು ಭಾಗವೇ ಇರಲಿ, ಹತ್ತು ಹೆಕ್ಟೇರು ಬೆಟ್ಟಕ್ಕೆ ಒಂದೆಕರೆ ತೋಟ ಉಳಿದಂತಾಯಿತು. ನದಿಯ ಕೊನೆಗೆ, ಕುಮಟಾದ ಅಳಿವೆಯಲ್ಲಿ ಚಿಪ್ಪು ಬಾಚಿ ಜೀವನ ಮಾಡುವವರ ಲೆಕ್ಕ ಇನ್ನೂ ಇದಕ್ಕೆ ಸೇರಿಲ್ಲ. ಸಿಹಿನೀರು ಮತ್ತು ಉಪ್ಪುನೀರಿನ ಹದ ಕೆಟ್ಟರೆ ಅವರ ಕಸುಬಿಗೂ ಕೇಡು.

ನನ್ನ ವಾದ ಇಷ್ಟೇ. ಒಂದು ಹೆಕ್ಟೇರು ಕಾಡಿನ ನೀರಿನ ಬೆಲೆ ಆ ಕಾಡಿನಲ್ಲಿಲ್ಲ. ಅದರ ಕೆಳಗೆ ಯಾರಿದ್ದಾರೆ, ಅವರಿಗೆ ಯಾವ ತಿಂಗಳಲ್ಲಿ ನೀರು ಬೇಕು, ನಡುವೆ ಅಣೆಕಟ್ಟು ಇದೆಯೇ ಎಂಬುದರಲ್ಲಿದೆ. ಎಲ್ಲ ನಗರಗಳಿಗೂ ಒಂದೇ ದರದ ಸೆಸ್, ಎಲ್ಲ ಕಾಡಿಗೂ ಒಂದೇ ಬಗೆಯ ಖರ್ಚು ಎಂಬ ವ್ಯವಸ್ಥೆಯು ಈ ವ್ಯತ್ಯಾಸವನ್ನು ಕಾಣುವುದೇ ಇಲ್ಲ.


ಒರತೆ_ಲೆಕ್ಕ:

ಜಲಾಶಯದ ಮೇಲ್ಭಾಗದ ಲೆಕ್ಕಕ್ಕೆ ಹೂಳನ್ನೂ ಸೇರಿಸಿಕೊಳ್ಳಿ. ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅದು ನಡೆಯುತ್ತಿದ್ದ ಕಾಲದಲ್ಲಿ ಭದ್ರೆಯ ಮೇಲ್ದಂಡೆಯಲ್ಲಿ ನಡೆದ ಅಳತೆಯ ಪ್ರಕಾರ, ಜಲಾನಯನದ ಶೇ. 1ಕ್ಕಿಂತ ಕಡಿಮೆ ಇದ್ದ ಗಣಿ ಮತ್ತು ಹಾಳಾದ ಪ್ರದೇಶದಿಂದಲೇ ನದಿಯ ತೇಲುಮಣ್ಣಿನ ಅರ್ಧಕ್ಕೂ ಹೆಚ್ಚು ಪಾಲು ಬರುತ್ತಿತ್ತು. ನಾಟಾ ಕಟಾವಿನಲ್ಲೂ ಇದೇ ನಿಯಮ ಅನ್ವಯಿಸುತ್ತದೆ. ಮಣ್ಣು ಹೋಗುವುದು ಮರ ಕಡಿದ ಇಡೀ ಜಾಗದಿಂದ ಅಲ್ಲ, ಲಾರಿ ಹತ್ತಿಸಲು ಕಡಿದಾದ ಇಳಿಜಾರಿನಲ್ಲಿ ಸೀಳಿದ ರಸ್ತೆಯಿಂದ, ದಿಮ್ಮಿ ಎಳೆದ ಜಾಡಿನಿಂದ. ಆದ್ದರಿಂದ ಜಲಾಶಯದ ಮೇಲ್ಭಾಗದಲ್ಲಿ ಹೆಚ್ಚು ಫಲ ಕೊಡುವ ಖರ್ಚೆಂದರೆ ಸಾವಿರಾರು ಸಸಿಗಳದ್ದಲ್ಲ, ಅಂಥ ಕೆಲವೇ ಕಿಲೋಮೀಟರ್ ಜಾಡನ್ನು ಮುಚ್ಚುವುದು.


ಕಾಫಿ_ನೆರಳು:

ಎಲ್ಲರೂ ಸರ್ಕಾರಿ ಕಾಡಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ಬೆಂಗಳೂರಿಗೆ ನೀರು ಕೊಡುವ ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಅಲ್ಲಿ ಮರಗಳು ದೊಡ್ಡ ಪ್ರಮಾಣದಲ್ಲಿ ಇರುವುದು ಕಾಫಿ ತೋಟಗಳ ಒಳಗೆ, ಜಮ್ಮಾ ಬಾಣೆಯಲ್ಲಿ (ವಂಶಪಾರಂಪರ್ಯವಾಗಿ ಬಂದ, ಗದ್ದೆಗೆ ಹೊಂದಿಕೊಂಡ ಮರಗಳಿರುವ ಜಮೀನು), ದೇವರಕಾಡುಗಳಲ್ಲಿ. ಅದರ ಅರ್ಥಶಾಸ್ತ್ರ ಬೇರೆ.

ನನ್ನ ತೋಟದಲ್ಲಿ ಬೀಟೆ, ನಂದಿ, ಹೊನ್ನೆ, ಹಲಸು ಇವೆ. ಜೊತೆಗೆ ಸಿಲ್ವರ್ ಓಕ್ ಇದೆ. ಸಿಲ್ವರ್ ಓಕ್ ಕೊಳ್ಳುವವರು ಬಂದರೆ ಎದೆಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುತ್ತಾರೆ, ತೊಗಟೆಗೆ ಬಣ್ಣದ ಗುರುತು ಹಾಕುತ್ತಾರೆ, ಅಡಿ ಲೆಕ್ಕದಲ್ಲಿ ದರ ಕುದುರಿಸುತ್ತಾರೆ. ಮಗಳ ಮದುವೆಗೋ ಕಾಫಿ ದರ ಬಿದ್ದ ವರ್ಷದ ಸಾಲಕ್ಕೋ ಅದು ಆಗುತ್ತದೆ. ಅದರ ಮೇಲೆ ಕರಿಮೆಣಸನ್ನೂ ಹಬ್ಬಿಸಬಹುದು. ಬೀಟೆ ಮರವನ್ನು ಮುಟ್ಟುವಂತಿಲ್ಲ. ‘ಅನ್‌ರಿಡೀಮ್ಡ್’ ಎಂದು ದಾಖಲೆಯಲ್ಲಿರುವ ಜಮೀನಿನಲ್ಲಿ ಕಾಡುಜಾತಿಯ ಮರದ ಬೆಲೆಯೇ ಸರ್ಕಾರದ್ದು. ನಾನು ನೂರು ವರ್ಷ ಕಾಯ್ದುಕೊಂಡರೂ ಕಡಿಯಬೇಕಾದರೆ ಅದರ ಮೌಲ್ಯವನ್ನು ಕಟ್ಟಬೇಕು, ಅದಕ್ಕೆ ಮೊದಲು ಕಚೇರಿಯಿಂದ ಕಚೇರಿಗೆ ಅರ್ಜಿ ಓಡಬೇಕು. ಕಾನೂನು ಮಾಡಿದವರ ಉದ್ದೇಶ ಮರ ಉಳಿಸುವುದಾಗಿತ್ತು. ಫಲ ಏನಾಯಿತೆಂದರೆ, ತಾನಾಗಿ ಹುಟ್ಟಿದ ನಂದಿ ಸಸಿಯನ್ನು ಕಳೆ ಕೀಳುವಾಗಲೇ ಕಿತ್ತು ಆ ಜಾಗಕ್ಕೆ ಸಿಲ್ವರ್ ಓಕ್ ನೆಡುವುದು ಬೆಳೆಗಾರನಿಗೆ ಬುದ್ಧಿವಂತಿಕೆಯಾಯಿತು. ಸಿಲ್ವರ್ ಓಕ್‌ಗೆ ನಾಳೆಯ ಬೆಲೆಯಿದೆ. ನಂದಿಗೆ ನಾಳೆ ಇರುವುದು ತೊಂದರೆ.

ನಿವೃತ್ತ ಅಧಿಕಾರಿಗಳು ಹೇಳಿದ ಸೂತ್ರದಲ್ಲೇ ಇದನ್ನೂ ಹೇಳಬಹುದು. ಕಡಿದಾಗ ಬರುವ ಬೆಲೆ ಸೊನ್ನೆ, ನಿಂತಿರುವಾಗ ಕೊಡುವ ನೀರು ನೆರಳಿಗೆ ಕೆಳಗಿನವರು ಕೊಡುವುದೂ ಸೊನ್ನೆ ಎಂದಾದರೆ, ಯಾವ ಬಡ್ಡಿದರ ಹಾಕಿದರೂ ಉತ್ತರ ಸೊನ್ನೆಯೇ. ನಗರದ ಸೆಸ್ ಹಣದಲ್ಲಿ ತೋಟದೊಳಗಿನ ಕಾಡುಮರಗಳಿಗೆ ವರ್ಷಕ್ಕೆ ಇಂತಿಷ್ಟು ಎಂದು ಕೊಡುವ ಮಾತು ಯಾರೂ ಎತ್ತುತ್ತಿಲ್ಲ.


ಬೆಂಗಳೂರು_ನಲ್ಲಿ:

ಕಾಫಿ ನೆರಳಿನವರ ಮಾತು ಓದಿದ ಮೇಲೆ ಕೇಳಬೇಕಾಯಿತು. ಈಗಾಗಲೇ ಕಾಡಿನ ಹೆಸರಿನಲ್ಲಿ ಹಣ ಹರಿಯುತ್ತಿಲ್ಲವೇ? 14ನೇ ಹಣಕಾಸು ಆಯೋಗ ರಾಜ್ಯಗಳ ತೆರಿಗೆ ಪಾಲು ಹಂಚುವಾಗ ಅರಣ್ಯ ಹೊದಿಕೆಗೆ ಶೇ. 7.5 ತೂಕ ಕೊಟ್ಟಿತ್ತು, 15ನೇ ಆಯೋಗ ಅದನ್ನು ಶೇ. 10ಕ್ಕೆ ಏರಿಸಿತು. ಕಳೆದುಹೋದ ಕಾಡಿಗೆ ಪರಿಹಾರವಾಗಿ ಕಟ್ಟುವ ಹಣದ ಕಾಂಪಾ ನಿಧಿಯೂ ಇದೆ. ನಾವು ಮೂರನೆಯ ಸಲ ಕೊಡಬೇಕೇ? ಕೊಡಲು ಬೇಸರವಿಲ್ಲ, ಅದು ಎಲ್ಲಿಗೆ ತಲುಪುತ್ತದೆ ಎಂಬುದು ತಿಳಿದರೆ ಸಾಕು.


ನಿವೃತ್ತ_ವಲಯಾಧಿಕಾರಿ:

ಎರಡಕ್ಕೂ ಉತ್ತರಿಸುತ್ತೇನೆ. ಹಣಕಾಸು ಆಯೋಗದ ಹಣ ರಾಜ್ಯದ ಖಜಾನೆಗೆ ಬೀಳುತ್ತದೆ. ಕಾಡಿಗೆಂದು ಅದರ ಮೇಲೆ ಚೀಟಿ ಅಂಟಿಸಿರುವುದಿಲ್ಲ. ಅಲ್ಲದೆ ಹೊದಿಕೆಯನ್ನು ಉಪಗ್ರಹದಿಂದ ಅಳೆಯುವಾಗ ದಟ್ಟವಾಗಿ ಬೆಳೆದ ತೋಪು ಕೂಡ ಕಾಡೇ. ಕಾಂಪಾದ ಮೂಲವೇ ಬೇರೆ: ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಪಡೆಯುವವರು ಅದರ ನಿವ್ವಳ ಪ್ರಸ್ತುತ ಮೌಲ್ಯವನ್ನು, ಅಂದರೆ ಆ ಕಾಡು ಮುಂದೆ ಕೊಡಬಹುದಾಗಿದ್ದ ಪ್ರಯೋಜನಗಳ ಇಂದಿನ ಬೆಲೆಯನ್ನು, ಕಟ್ಟಬೇಕೆಂದಿತು. ಕಾಂಚನ್ ಚೋಪ್ರಾ ಸಮಿತಿಯ ಶಿಫಾರಸಿನ ಆಧಾರದ ಮೇಲೆ 2008ರಲ್ಲಿ ದಟ್ಟ ಕಾಡಿಗೆ ಗರಿಷ್ಠ ಹೆಕ್ಟೇರಿಗೆ 10.43 ಲಕ್ಷ ರೂಪಾಯಿ ನಿಗದಿಯಾಯಿತು. 2022ರಲ್ಲಿ ಅದು ಸುಮಾರು 15.95 ಲಕ್ಷಕ್ಕೆ ಏರಿತು. ಜಲಾನಯನದ ಸೇವೆಯೂ ಆ ಲೆಕ್ಕದಲ್ಲಿದೆ. ಆದರೆ ಆ ಬೆಲೆ ಪಾವತಿಯಾಗುವುದು ಕಾಡು ಕೈತಪ್ಪುವ ದಿನ ಮಾತ್ರ. ನಿಂತ ಕಾಡಿಗೆ ಅದರಿಂದ ವಾರ್ಷಿಕ ಆದಾಯವಿಲ್ಲ. ಬಂದ ಹಣ ಬಹುಮಟ್ಟಿಗೆ ಮತ್ತೆಲ್ಲೋ ಸಸಿ ನೆಡುವುದಕ್ಕೆ ಹೋಗುತ್ತದೆ, ಏಕೆಂದರೆ ಎಣಿಸಿ ವರದಿ ಬರೆಯಲು ಸುಲಭವಾದದ್ದು ಸಸಿ.

ಹೆಸರು ಹಿಡಿದು ಮಾಡಿಕೊಂಡ ಒಪ್ಪಂದಕ್ಕೆ ಹಿಮಾಚಲದ ಪಾಲಂಪುರದಲ್ಲಿ ಒಂದು ಮಾದರಿ ಇದೆ. ಅಲ್ಲಿಯ ನಗರಸಭೆ 2010ರಲ್ಲಿ ಬೋಹಲ್ ಎಂಬ ಒರತೆಯ ಮೇಲ್ಭಾಗದ ಹಳ್ಳಿಗಳ ಅರಣ್ಯ ಸಮಿತಿಯೊಂದಿಗೆ ಒಪ್ಪಂದ ಮಾಡಿಕೊಂಡು, ಆ ಕಾಡನ್ನು ಕಾಯುವುದಕ್ಕೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿ ಕೊಡಲು ಒಪ್ಪಿತು. ಮೊತ್ತ ನಗೆ ಬರಿಸುವಷ್ಟು ಚಿಕ್ಕದು. ಆದರೆ ಯಾವ ಒರತೆ, ಯಾವ ಕಾಡು, ಯಾರು ಕಾಯುವವರು, ಯಾರು ಕುಡಿಯುವವರು ಎಂಬ ನಾಲ್ಕೂ ಆ ಕಾಗದದಲ್ಲಿವೆ. ನಮ್ಮ ಹಸಿರು ಸೆಸ್ ಪ್ರಸ್ತಾವದಲ್ಲಿ ಒಂದೂ ಇಲ್ಲ.

ಇನ್ನೊಂದು ಕಡೆ ನೋಡಿ. ಭದ್ರಾವತಿಯ ಎಂಪಿಎಂಗೆ (ಮೈಸೂರು ಕಾಗದ ಕಾರ್ಖಾನೆ) 1980ರಲ್ಲಿ ಕೊಟ್ಟ ಸುಮಾರು 20,000 ಹೆಕ್ಟೇರ್ ಅರಣ್ಯಭೂಮಿಯ ಗುತ್ತಿಗೆ 2020ರಲ್ಲಿ ಮುಗಿಯಿತು. ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ಆಗಲೇ ವರ್ಷಗಳಾಗಿದ್ದವು. ಮಲೆನಾಡಿನಲ್ಲಿ ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂಬ ಕೂಗು ಎದ್ದಿತ್ತು. ಆದರೂ ಗುತ್ತಿಗೆಯನ್ನು ಮತ್ತೆ ನಲವತ್ತು ವರ್ಷಕ್ಕೆ ನವೀಕರಿಸಲಾಯಿತು. ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 1987ರಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟಾಗಲೂ ಪ್ರಶ್ನೆ ಇದೇ ಆಗಿತ್ತು: ಸಮುದಾಯದ ನೆಲದಲ್ಲಿ ಬೆಳೆದದ್ದರ ಬೆಲೆಯನ್ನು ಒಂದು ಕಾರ್ಖಾನೆಯ ಅಗತ್ಯದಿಂದ ಅಳೆಯಬೇಕೇ? ಆ ಹೋರಾಟದ ನಂತರ 1991ರಲ್ಲಿ, ಆ ನೀಲಗಿರಿ ತೋಪುಗಳನ್ನು ಬೆಳೆಸುತ್ತಿದ್ದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆ ಮುಚ್ಚಿತು. ಭದ್ರಾವತಿಯ ಗುತ್ತಿಗೆ ಮಾತ್ರ, ಕೊಳ್ಳುವ ಕಾರ್ಖಾನೆಯೇ ನಿಂತ ಮೇಲೂ, ಉಳಿದುಕೊಂಡಿತು.

ಆದರೂ ಆ ತೋಪುಗಳನ್ನೆಲ್ಲ ಒಮ್ಮೆಲೇ ಸವರಿ ಬೋಳು ಮಾಡಿದರೆ, ಮೇಲೆ ಹೇಳಿದ ಹೂಳಿನ ಲೆಕ್ಕ ತಲೆಯ ಮೇಲೆ ಬೀಳುತ್ತದೆ. ಕಾನಿನ ಹತ್ತಿರದ ತೋಪಿನಲ್ಲಿ ಸಾಲು ಬಿಟ್ಟು ಸಾಲು ತೆಗೆದರೆ ಕೆಳಗೆ ಕಾಡುಜಾತಿಯ ಸಸಿಗಳು ತಾವಾಗಿ ಏಳುವುದನ್ನು ನಾನು ಹಲವು ಕಡೆ ನೋಡಿದ್ದೇನೆ. ತೆಗೆದ ಸಾಲಿನ ಕಟ್ಟಿಗೆಯ ಹಣವೇ ಆ ಪರಿವರ್ತನೆಯ ಖರ್ಚನ್ನು ತೂಗಿಸುತ್ತದೆ. ಕಾನಿನಿಂದ ದೂರದ, ಜಂಬಿಟ್ಟಿಗೆ ಎದ್ದ, ಕೆಳಗೆ ಹಳ್ಳವೂ ಇಲ್ಲದ ಗುಡ್ಡಗಳಲ್ಲಿ ತೋಪು ಇನ್ನಷ್ಟು ಕಾಲ ಇದ್ದರೆ ನನ್ನ ಆಕ್ಷೇಪವಿಲ್ಲ. ಜನರಿಗೆ ಸೌದೆಯೂ ಮನೆಗೆ ಪಕಾಸಿಯೂ ಎಲ್ಲಿಂದಲಾದರೂ ಬರಲೇಬೇಕು.


ಅಡಕೆ_ಬೆಟ್ಟ:

ಕೊನೆಯ ವಾಕ್ಯಕ್ಕೆ ನನ್ನ ಸಹಮತವಿದೆ. ಆದರೆ ಯಾವ ಗುಡ್ಡದ ಕೆಳಗೆ ಹಳ್ಳವಿಲ್ಲ ಎಂದು ತೀರ್ಮಾನಿಸುವವರು ಯಾರು? ಬೆಂಗಳೂರಿನ ನಕ್ಷೆಯಲ್ಲಿ ಕಾಣದ ಎಷ್ಟೋ ಅಬ್ಬಿಗಳು ನಮ್ಮ ಊರಿನಲ್ಲಿವೆ.


ಬೇಡ್ತಿಕಣಿವೆ:

ಅದು ಊರಿನವರೇ ಹೇಳಬೇಕಾದ ವಿಷಯ. ಸೆಸ್ ಪ್ರಸ್ತಾವ ಸಾರ್ವಜನಿಕ ಆಕ್ಷೇಪಣೆಗೆ ಬಂದರೆ ನಾನು ಬರೆಯಬೇಕೆಂದಿರುವುದನ್ನು ಇಲ್ಲಿ ಇಡುತ್ತೇನೆ, ತಿದ್ದುಪಡಿಗಳಿದ್ದರೆ ಸೂಚಿಸಿ.

ಮೊದಲ ವರ್ಷದ ಹಣದಲ್ಲಿ ಒಂದು ಸಸಿಯನ್ನೂ ನೆಡಬಾರದು. ಪ್ರತಿ ಗ್ರಾಮ ಅರಣ್ಯ ಸಮಿತಿಯೂ ತನ್ನ ವ್ಯಾಪ್ತಿಯ ಅಬ್ಬಿ, ಒರತೆ, ಹಳ್ಳಗಳನ್ನು ಪಟ್ಟಿ ಮಾಡಿ, ಯಾವ ತಿಂಗಳಿಗೆ ನಿಲ್ಲುತ್ತವೆ ಎಂದು ಬರೆಯಬೇಕು. ಆಯ್ದ ಹಳ್ಳಗಳಿಗೆ ತ್ರಿಕೋನದ ಕಿಂಡಿಯಿರುವ ಸಣ್ಣ ಕಟ್ಟೆ ಕಟ್ಟಿ, ಡಿಸೆಂಬರ್‌ನಿಂದ ಮೇ ವರೆಗೆ ವಾರಕ್ಕೊಮ್ಮೆ ನೀರಿನ ಮಟ್ಟ ಓದಿ ಬರೆಯುವ ಒಬ್ಬರಿಗೆ ಸಂಬಳ ಕೊಡಬೇಕು. ಆ ಪುಸ್ತಕ ಪಂಚಾಯಿತಿಯಲ್ಲಿ ಇರಬೇಕು, ಇಲಾಖೆಯಲ್ಲಲ್ಲ. ಎರಡನೆಯ ವರ್ಷದಿಂದ ಪಾವತಿಯು ಹೆಕ್ಟೇರಿನ ಮೇಲೂ ಅಲ್ಲ, ಸಸಿಯ ಮೇಲೂ ಅಲ್ಲ, ಬೇಸಿಗೆಯ ಹರಿವು ಇರುವ ಮತ್ತು ಅದನ್ನು ಬಳಸುವವರು ಕೆಳಗೆ ಇರುವ ಕಾಡಿನ ಮೇಲೆ ಆಗಬೇಕು. ಕಾನು ಉಳಿಸಿಕೊಂಡ ಸಮಿತಿಗೆ ಅಕೇಶಿಯಾ ಪಾಲಿನ ಬದಲಿಗೆ ವಾರ್ಷಿಕ ಚೆಕ್ ಹೋಗಬೇಕು. ಕೊಡಗಿನಲ್ಲಿ ಮರದ ಮೇಲಿನ ಹಕ್ಕು ಬೆಳೆಗಾರನಿಗೆ ಬರುವವರೆಗೆ ಅಲ್ಲಿ ಸೆಸ್ ಹಣ ಸುರಿಯುವುದರಿಂದ ಫಲ ಕಡಿಮೆ, ಏಕೆಂದರೆ ಅಲ್ಲಿ ಕೆಟ್ಟಿರುವುದು ಹಣದ ಕೊರತೆಯಿಂದಲ್ಲ. ಜಲಾಶಯಗಳ ಮೇಲ್ಭಾಗದಲ್ಲಿ ಖರ್ಚು ರಸ್ತೆ ಮತ್ತು ಜಾಡುಗಳನ್ನು ಮುಚ್ಚುವುದಕ್ಕೆ ಹೋಗಲಿ, ಮತ್ತು ಅದರಲ್ಲಿ ಒಂದು ಪಾಲನ್ನು ವಿದ್ಯುತ್ ನಿಗಮವೇ ಕೊಡಲಿ. ಹೂಳು ತುಂಬಿದರೆ ನಷ್ಟ ಅದರದ್ದೇ.

3.6 ಕೋಟಿ ರೂಪಾಯಿಯಲ್ಲಿ ಇದೆಲ್ಲ ಆಗುವುದಿಲ್ಲ ಎಂಬುದು ನಿಜ. ಆದರೆ ಅಳತೆಯ ಕಟ್ಟೆಗಳಿಗೆ ಅದು ಧಾರಾಳವಾಗಿ ಸಾಲುತ್ತದೆ. ಬೆಂಗಳೂರು ನಲ್ಲಿಯವರು ಕೇಳಿದ ‘ಎಲ್ಲಿಗೆ ತಲುಪುತ್ತದೆ’ ಎಂಬ ಪ್ರಶ್ನೆಗೆ ಆಗ ಊರಿನ, ಹಳ್ಳದ ಹೆಸರು ಹೇಳಿ ಉತ್ತರಿಸಬಹುದು. ಮೂರು ರೂಪಾಯಿಯನ್ನು ಹತ್ತು ಮಾಡಬೇಕೇ ಬೇಡವೇ ಎಂಬ ಮಾತನ್ನು ಆ ಅಂಕಿಗಳು ಕೈಗೆ ಬಂದ ಮೇಲೆ ಎತ್ತೋಣ.